ಆರಾಮಾದ ಮೇಲಲ್ಲ, ಇವತ್ತೇ

ಮೊದಲು ನನ್ನ ಕಾಲು ಬಾತವು. ಜೇವರ್ಗಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನನ್ನದೊಂದು ಸಣ್ಣ ಹೊಲಿಗೆ ಅಂಗಡಿ ಇದೆ. ದಿನವೆಲ್ಲ ಮಷೀನಿನ ಮುಂದೆ ಕೂತು ಪೆಡಲ್ ತುಳಿಯುವವಳಿಗೆ ಕಾಲು ಬಾತರೆ ಅದೇನು ದೊಡ್ಡ ಸುದ್ದಿಯಲ್ಲ. ಆಮೇಲೆ ಮುಖವೂ ಬಾತಿತು. ಕುಪ್ಪಸ ಹೊಲಿಸಲು ಬಂದ ಹೆಣ್ಣುಮಕ್ಕಳು, ಸುಶೀಲಕ್ಕ ಮೈತುಂಬಿಕೊಂಡಿದ್ದಾಳೆ, ಮನೆಯಲ್ಲಿ ಎಲ್ಲ ಚೆನ್ನಾಗಿದೆ ಎಂದು ನಕ್ಕರು. ನಾನೂ ನಕ್ಕೆ. ಆದರೆ ರೊಟ್ಟಿಗೆ ಕಬ್ಬಿಣದ ರುಚಿ ಬರತೊಡಗಿತು. ಮುಂಜಾನೆ ಎದ್ದ ಕೂಡಲೇ ವಾಂತಿ. ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಊರಿನ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ವರದಿ ನೋಡಿ, ಅವತ್ತೇ ಕಲಬುರಗಿಗೆ ಹೋಗಿರೆಂದರು.

ಕಲಬುರಗಿಯ ಆ ದೊಡ್ಡ ಆಸ್ಪತ್ರೆಯ ಹೊರಗಿನ ಬೆಂಚು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ನನ್ನ ಪಕ್ಕದಲ್ಲಿ ಅಫಜಲಪುರದ ಕಡೆಯ ಕರಜಗಿಯಿಂದ ಬಂದ ಒಬ್ಬ ಮುದುಕಿ ಕೂತಿದ್ದಳು. ಯಾರು, ಏನು ಎಂದು ಕೇಳದೆ ತನ್ನ ಸೆರಗಿನ ಗಂಟಿನಿಂದ ಹುರಿದ ಶೇಂಗಾ ತೆಗೆದು ನನ್ನ ಅಂಗೈಯಲ್ಲಿ ಹಾಕಿದಳು. ನನಗೆ ತಿನ್ನಲಾಗಲಿಲ್ಲ. ಮುಷ್ಟಿಯಲ್ಲಿ ಹಿಡಿದುಕೊಂಡೇ ಕೂತೆ. ಒಳಗೆ ಕರೆದಾಗ ಡಾಕ್ಟರು ನನ್ನನ್ನು ಬಿಟ್ಟು ನನ್ನ ಗಂಡ ಪ್ರಭಾಕರನ ಮುಖ ನೋಡಿ ಮಾತಾಡಿದರು. ನಾನು, ರೋಗ ನನ್ನದು, ನನಗೇ ಹೇಳಿರಿ ಎಂದೆ. ಅವರು ನನ್ನ ಕಡೆ ತಿರುಗಿ, ಎರಡೂ ಕಿಡ್ನಿಗಳು ಕೆಲಸ ನಿಲ್ಲಿಸಿವೆ, ಇವತ್ತೇ ಡಯಾಲಿಸಿಸ್ ಶುರು ಮಾಡಬೇಕು ಎಂದರು.

ಪ್ರಭಾಕರ ಗೌಂಡಿ ಕೆಲಸದವನು. ಜೇವರ್ಗಿಯಲ್ಲಿ ಅವನು ಕಟ್ಟಿದ ಮನೆಗಳು ಎಷ್ಟೋ ಇವೆ. ಮಾತು ಕಡಿಮೆ. ಹೊರಗೆ ಬಂದವನೇ ಆಸ್ಪತ್ರೆಯ ಗೋಡೆಗೆ ಅಂಗೈ ಹಚ್ಚಿ ಪ್ಲಾಸ್ಟರನ್ನು ಉಜ್ಜುತ್ತ ನಿಂತ, ಅಲ್ಲೆಲ್ಲೋ ಬಿರುಕು ಇದ್ದಂತೆ. ಆಮೇಲೆ, “ಊಟ ಮಾಡ್ತೀಯೇನು?” ಎಂದು ಕೇಳಿದ. ಅವನಿಗೆ ಅಳು ಬಂದಿದೆ ಎಂದು ಅದರಿಂದಲೇ ತಿಳಿಯಿತು.

ನನ್ನ ತವರು ಆಳಂದ. ಸುದ್ದಿ ಮುಟ್ಟಿದ ಮರುದಿನ ಅವ್ವ ಒಂದು ಚೀಲ ಜೋಳದ ಹಿಟ್ಟು ಹೊತ್ತುಕೊಂಡು ಬಂದಳು. ಬಂದವಳೇ ತನ್ನ ಒಂದು ಕಿಡ್ನಿ ತೆಗೆದು ನನಗೆ ಹಾಕಿಬಿಡಿ ಎಂದು ಡಾಕ್ಟರ ಮುಂದೆ ಕೂತಳು. ಅವಳಿಗೆ ಸಕ್ಕರೆ ಕಾಯಿಲೆ ಇತ್ತು, ಆಗುವುದಿಲ್ಲ ಎಂದರು. “ನನ್ನ ಹೊಟ್ಟ್ಯಾಗಿಂದ ಬಂದಾಕಿಗಿ ನಂದು ಯಾಕ ನಡ್ಯಾಂಗಿಲ್ರಿ?” ಎಂದು ಅವ್ವ ಕೇಳಿದಳು. ಪ್ರಭಾಕರನದೂ ಹೊಂದಲಿಲ್ಲ. ಸತ್ತವರಿಂದ ದಾನವಾಗಿ ಬರುವ ಕಿಡ್ನಿಗೆ ಹೆಸರು ಬರೆಸಿದೆವು. ಅದು ಯಾವಾಗ ಬರುತ್ತದೋ ಯಾರಿಗೂ ಗೊತ್ತಿಲ್ಲ. ಅಲ್ಲಿಯವರೆಗೆ ವಾರಕ್ಕೆ ಎರಡು ಸಲ, ಸೋಮವಾರ ಮತ್ತು ಗುರುವಾರ, ನಮ್ಮೂರಿನ ಆಸ್ಪತ್ರೆಯಲ್ಲೇ ಯಂತ್ರದ ಪಕ್ಕ ಮಲಗುವುದು.

ಜೇವರ್ಗಿಯಲ್ಲಿ ನಮ್ಮದು ಸಣ್ಣ ಕ್ರೈಸ್ತ ಸಭೆ. ಕಾಯಿಲೆಯಾದವರ ಮನೆಗೆ ಶುಕ್ರವಾರ ಹೋಗಿ ಪ್ರಾರ್ಥನೆ ಮಾಡಿ ಬರುವ ಹೆಂಗಸರ ಗುಂಪಿನಲ್ಲಿ ನಾನೂ ಇದ್ದೆ. ನನಗೇ ಕಾಯಿಲೆಯಾದ ಮೇಲೆ ಅವರೆಲ್ಲ ನನ್ನ ಮನೆಗೆ ಬಂದರು, ತಲೆಯ ಮೇಲೆ ಕೈಯಿಟ್ಟು ಅತ್ತರು. ಹೋಗುವಾಗ ಪ್ರತಿಯೊಬ್ಬರೂ ಹೇಳಿದ ಮಾತು ಒಂದೇ: ಈಗ ಸುಮ್ಮನೆ ಮಲಗು, ಸೇವೆಗೀವೆ ಎಲ್ಲ ಆರಾಮಾದ ಮೇಲೆ. ಪ್ರೀತಿಯಿಂದಲೇ ಹೇಳಿದರು. ನಾನೂ ಹೂಂ ಎಂದೆ.

ಆದರೆ ಎರಡು ತಿಂಗಳ ಮೇಲೆ, ನಾನು ಆರಾಮಾಗುವುದು ಯಾವಾಗ ಎಂದು ಡಾಕ್ಟರನ್ನು ಕೇಳಿದಾಗ ಅವರು ಸುಳ್ಳು ಹೇಳಲಿಲ್ಲ. ಬೇರೆ ಕಿಡ್ನಿ ಸಿಗುವವರೆಗೆ ಇದು ಆರಾಮಾಗುವ ಕಾಯಿಲೆಯಲ್ಲ, ಇದರ ಜೊತೆ ಬದುಕುವುದನ್ನು ಕಲಿಯಬೇಕು ಎಂದರು. ಆ ದಿನ ಮನೆಗೆ ಬಂದು ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಅತ್ತೆ. ಅತ್ತು ಮುಗಿದ ಮೇಲೆ ಒಂದು ವಿಷಯ ತಲೆಯೊಳಗೆ ಬಂತು. ಆರಾಮಾದ ಮೇಲೆ ಎಂದು ನಾನು ಎತ್ತಿಟ್ಟದ್ದೆಲ್ಲ ಹಾಗಾದರೆ ಎಂದಿಗೂ ಇಲ್ಲ ಎಂದಾಯಿತು. ಮಾಡುವುದಿದ್ದರೆ ಈ ಬಾತ ಕಾಲಿನಲ್ಲೇ ಮಾಡಬೇಕು.

ನಮ್ಮಪ್ಪ ಆಳಂದ ಸುತ್ತಿನ ಹಳ್ಳಿಗಳಲ್ಲಿ ಸುವಾರ್ತೆ ಹೇಳುತ್ತ ಸೈಕಲ್ ತುಳಿದ ಮನುಷ್ಯ. ಯಾರದೋ ಮನೆಯಲ್ಲಿ ಕಷ್ಟ ಎಂದು ಕರೆ ಬಂದರೆ ತಟ್ಟೆಯ ಮುಂದಿನಿಂದಲೂ ಎದ್ದು ಹೋಗುತ್ತಿದ್ದ. ಅವ್ವ ಬೈದರೆ, ಮೀನು ಹಿಡಿಯುವವರನ್ನು ಸ್ವಾಮಿ ಕರೆದಾಗ ಅವರು ಬಲೆ ಒಣಗಲಿ, ಆಮೇಲೆ ಬರುತ್ತೇವೆ ಎನ್ನಲಿಲ್ಲ ಎಂದು ನಗುತ್ತಿದ್ದ. ಅಪ್ಪ ಆರೋಗ್ಯವಂತನಾಗಿದ್ದ. ಕಾಯಿಲೆಯವಳಿಗೂ ಅದೇ ನಿಯಮವೇ ಎಂದು ಅವನನ್ನು ಕೇಳಬೇಕೆನಿಸಿತು. ಅವನು ತೀರಿಕೊಂಡು ಎಷ್ಟೋ ಕಾಲವಾಗಿತ್ತು.

ನಮ್ಮೂರಿನ ಡಯಾಲಿಸಿಸ್ ಕೋಣೆಯ ಮೊದಲ ದಿನ ನನಗೆ ಸೂಜಿಗಿಂತ ಹೆಚ್ಚು ಭಯವಾದದ್ದು ನನ್ನದೇ ರಕ್ತ ನಳಿಕೆಯಲ್ಲಿ ಹೊರಗೆ ಹರಿಯುವುದನ್ನು ನೋಡಿ; ಕಲಬುರಗಿಯಲ್ಲಿ ಮಂಪರಿನಲ್ಲಿ ಅದನ್ನು ಗಮನಿಸಿರಲಿಲ್ಲ. ಕಣ್ಣು ಮುಚ್ಚಿಕೊಂಡೆ. ಪಕ್ಕದ ಹಾಸಿಗೆಯಿಂದ ಗಂಡು ದನಿಯೊಂದು, ನೋಡಬೇಡ, ಮಾಳಿಗೆ ನೋಡು, ಅಲ್ಲಿ ಹಲ್ಲಿ ಇದೆ ಎಂದಿತು. ನಿಜವಾಗಿಯೂ ಹಲ್ಲಿ ಇತ್ತು. ಅವರು ಸಿದ್ರಾಮಪ್ಪ, ಅಂದೋಲಾದವರು. ತೊಗರಿ ಬೆಳೆಯುವ ಲಿಂಗಾಯತ ಹಿರಿಯರು, ಹಣೆ ತುಂಬ ವಿಭೂತಿ, ಎದೆಯ ಮೇಲೆ ಲಿಂಗ. ಈ ಕಾಯಿಲೆಯಲ್ಲಿ ನೀರು ಕುಡಿಯಲು ಮಿತಿ ಇದೆ. ನಮ್ಮ ಬಿಸಿಲುಸೀಮೆಯಲ್ಲಿ ಅದೇ ಎಲ್ಲಕ್ಕಿಂತ ದೊಡ್ಡ ಶಿಕ್ಷೆ. ಒಂದು ಏಲಕ್ಕಿ ಕಾಳು ಬಾಯಲ್ಲಿಟ್ಟುಕೋ, ನುಂಗಬೇಡ, ದಾಹ ಕಡಿಮೆಯಾಗುತ್ತದೆ ಎಂದು ಹೇಳಿಕೊಟ್ಟವರು ಅವರೇ. ಯಂತ್ರ ಕೂಗಿದಾಗ ಎತ್ತಿಗೆ ಬೈದಂತೆ ಅದಕ್ಕೆ ಬೈಯುತ್ತಿದ್ದರು. ನೋಡಿಕೊಳ್ಳುವ ಸಿಸ್ಟರ್ ಶಾಹೀನ್ ನಕ್ಕು, ಅಜ್ಜಾ, ಅದಕ್ಕೆ ಕನ್ನಡ ಬರುವುದಿಲ್ಲ ಎನ್ನುತ್ತಿದ್ದಳು.

ನಾಲ್ಕು ತಾಸು ಪಕ್ಕಪಕ್ಕ ಮಲಗಿದವರು ಏನೆಲ್ಲ ಮಾತಾಡುವುದಿಲ್ಲ. ಅವರು ನನ್ನ ಸ್ವಾಮಿಯ ಬಗ್ಗೆ ಕೇಳುತ್ತಿದ್ದರು, ನಾನು ಅವರ ಪೂಜೆಯ ಬಗ್ಗೆ. ಮುಂಜಾನೆ ಸ್ನಾನ ಮಾಡಿ, ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜಿಸಿದ ಹೊರತು ಒಂದು ಗುಟುಕು ನೀರೂ ಮುಟ್ಟುವುದಿಲ್ಲ ಎಂದಿದ್ದರು. ಹೀಗೆ ಒಂದು ವರ್ಷ ಕಳೆಯಿತು. ಅವ್ವನಿಗೆ ಹೇಳಿಕೊಳ್ಳಲಾಗದ ಭಯವನ್ನು ನಾನು ಅವರಿಗೆ ಹೇಳುತ್ತಿದ್ದೆ. ಯಾಕೆಂದರೆ ಅವರಿಗೂ ಅದೇ ಭಯವಿತ್ತು, ಬಿಡಿಸಿ ಹೇಳಬೇಕಾಗಿರಲಿಲ್ಲ.

ಬೇಸಿಗೆಯ ಒಂದು ಸೋಮವಾರ ಅವರ ಎಡಗೈ ಕೆಟ್ಟಿತು. ಡಯಾಲಿಸಿಸ್‌ಗೆ ಸೂಜಿ ಹಾಕಲು ಕೈಯ ಎರಡು ರಕ್ತನಾಳಗಳನ್ನು ಮೊದಲೇ ಶಸ್ತ್ರಚಿಕಿತ್ಸೆ ಮಾಡಿ ಒಂದಕ್ಕೊಂದು ಜೋಡಿಸಿರುತ್ತಾರೆ. ಅವರ ಆ ನಾಳ ಮುಚ್ಚಿಕೊಳ್ಳುತ್ತಿತ್ತು. ಹೇಗೋ ಆ ದಿನದ್ದು ಮುಗಿಸಿ, ಕಲಬುರಗಿಗೆ ಹೋಗಿ ಹೊಸದನ್ನು ಮಾಡಿಸಿಕೊಳ್ಳಲು ಹೇಳಿ ಕಳಿಸಿದರು. ಗುರುವಾರ ಅವರ ಹಾಸಿಗೆ ಖಾಲಿಯಿತ್ತು. ಕಲಬುರಗಿಗೆ ಹೋಗಿರುತ್ತಾರೆ ಎಂದು ಶಾಹೀನ್ ಅಂದಳು. ನಾವೆಲ್ಲರೂ ಹಾಗೇ ಅಂದುಕೊಂಡೆವು.

ಆ ಭಾನುವಾರ ಸಭೆಯಲ್ಲಿ ಕೂತಿದ್ದೆ. ಪಾಸ್ಟರು ಉಪದೇಶ ಶುರು ಮಾಡಿದ್ದರು. ಕಣ್ಣು ಮುಚ್ಚಿದಾಗ ನನ್ನ ಮನಸ್ಸಿನಲ್ಲಿ ಸಿದ್ರಾಮಪ್ಪನವರ ಹೆಸರು ಬಂತು. ಹೆಸರಿನ ಹಿಂದೆ, ಹೋಗು. ಇದನ್ನು ಓದುವವರು ತಪ್ಪು ತಿಳಿಯಬಾರದು, ನನಗೆ ಯಾವ ದನಿಯೂ ಕೇಳಿಸಲಿಲ್ಲ, ಬೆಳಕೂ ಕಾಣಿಸಲಿಲ್ಲ. ನಾನು ಅಂಥವಳಲ್ಲ. ಅದು ನನ್ನದೇ ಮನಸ್ಸಿನ ಕಳವಳವೂ ಇರಬಹುದಿತ್ತು. ನಾಳೆ ಸೋಮವಾರ, ಹೇಗೂ ಆಸ್ಪತ್ರೆಗೆ ಹೋಗುತ್ತೇನೆ, ಅಲ್ಲಿ ವಿಚಾರಿಸಿದರಾಯಿತು ಎಂದು ಅದಕ್ಕೆ ಸಮಾಧಾನ ಹೇಳಿ ನೋಡಿದೆ. ಆ ಹೆಸರು ಮನಸ್ಸು ಬಿಡಲಿಲ್ಲ. ಇನ್ನೂ ವಿಚಾರ ಮಾಡುತ್ತ ಕೂತರೆ ಕೂತೇ ಇರುತ್ತೇನೆ ಎಂದು ತಿಳಿಯಿತು. ಉಪದೇಶ ನಡೆಯುತ್ತಿದ್ದಂತೆಯೇ ಎದ್ದು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದೆ.

ನನಗೆ ಏನೋ ಆಯಿತೆಂದು ಪ್ರಭಾಕರ ಹಿಂದೆಯೇ ಓಡಿಬಂದ. ನನಗೇನೂ ಆಗಿಲ್ಲ, ಅಂದೋಲಾಕ್ಕೆ ಹೋಗಬೇಕು ಎಂದೆ. ಅವನು ನನ್ನ ಮುಖ ನೋಡಿದ, ಆಕಾಶ ನೋಡಿದ. ಬಿಸಿಲು ಬೆಂಕಿಯಂತಿತ್ತು. ಯಂತ್ರ ತೆಗೆಯದ ಮೂರು ದಿನದ ನೀರು ನನ್ನ ಮೈಯಲ್ಲೇ ಇತ್ತು.

“ನಾಳಿ ನಿಂದು ಡಯಾಲಿಸಿಸ್ ಅದ. ಅದ್ ಮುಗೀಲಿ, ಮಂಗಳಾರ ಕರ್ಕೊಂಡು ಹೋಗ್ತೇನಿ,” ಎಂದ.

“ಮಂಗಳಾರ ಅವರು ಇರ್ತಾರೋ ಇಲ್ಲೋ ಗೊತ್ತಿಲ್ಲ. ನಾನರ ಇರ್ತೀನೋ ಇಲ್ಲೋ, ಅದೂ ಗೊತ್ತಿಲ್ಲ. ಈಗ ಹೋಗು ಅಂದಾರ.”

“ಯಾರಂದ್ರು?”

ನಾನು ಒಳಗೆ, ಸಭೆಯ ಕಡೆಗೆ ನೋಡಿದೆ. ಅವನು ತನ್ನ ಟವೆಲ್ಲನ್ನು ನಲ್ಲಿಯಲ್ಲಿ ನೆನೆಸಿ ನನ್ನ ತಲೆಗೆ ಸುತ್ತಿದ, ಬೈಕ್ ಹತ್ತಿಸಿಕೊಂಡ.

ದಾರಿಯುದ್ದಕ್ಕೂ ತೊಗರಿ ಕೊಯ್ದ ಕರಿನೆಲ ಬಿರುಕು ಬಿಟ್ಟು ಬಿದ್ದಿತ್ತು. ಅವನು ಪ್ರತಿ ತಗ್ಗಿಗೂ ಬೈಕ್ ನಿಧಾನ ಮಾಡುತ್ತಿದ್ದ. ಅರ್ಧ ದಾರಿಯಲ್ಲಿ ನನಗೆ ಕಣ್ಣು ಕತ್ತಲೆ ಬಂದು ಒಂದು ಜಾಲಿ ಮರದ ಕೆಳಗೆ ಇಳಿದು ಕೂತೆವು. ಹೊಳ್ಳಿ ಹೋಗೋಣವೇ ಎಂದು ಅವನು ಕೇಳಿದ. ಆಗ ನನಗೆ ಬಂದ ಹೆದರಿಕೆ ಸಾಯುವ ಹೆದರಿಕೆಯಲ್ಲ. ಅವರು ಕಲಬುರಗಿಯಲ್ಲಿ ಆರಾಮಾಗಿದ್ದು, ಇಲ್ಲಿ ಬೀಗ ಹಾಕಿದ ಮನೆಯ ಮುಂದೆ ನಾನು ಹುಚ್ಚಿಯಂತೆ ನಿಂತರೆ ಏನು ಎಂಬ ಹೆದರಿಕೆ. ನಿಂತರೆ ನಿಂತೆ ಎಂದುಕೊಂಡು ಮತ್ತೆ ಬೈಕ್ ಹತ್ತಿದೆ.

ಮನೆಗೆ ಬೀಗ ಇರಲಿಲ್ಲ. ಅವರ ಹೆಂಡತಿ ನೀಲಮ್ಮ ಬಾಗಿಲಲ್ಲೇ ಕೂತಿದ್ದಳು. ನಾನು ಯಾರೆಂದು ಹೇಳಿದ ಕೂಡಲೇ ನನ್ನ ಕೈ ಹಿಡಿದು ಒಳಗೆ ಎಳೆದುಕೊಂಡು ಹೋದಳು. ಸಿದ್ರಾಮಪ್ಪ ಗೋಡೆಗೆ ದಿಂಬು ಒರಗಿಸಿ ಕೂತಿದ್ದರು. ಮಲಗಿದರೆ ಉಸಿರು ಆಡುತ್ತಿರಲಿಲ್ಲ. ಮುಖ ಗುರುತು ಸಿಗದಷ್ಟು ಬಾತಿತ್ತು. ಅವರು ಕಲಬುರಗಿಗೆ ಹೋಗಿಯೇ ಇರಲಿಲ್ಲ. ಸಾಕು, ನನ್ನನ್ನು ಯಾರೂ ಎಬ್ಬಿಸಬೇಡಿ ಎಂದು ಮನೆಯವರಿಗೆ ಹೇಳಿದ್ದರಂತೆ. ಆ ಮನೆಯಲ್ಲಿ ಅವರ ಮಾತು ಮೀರುವವರಿಲ್ಲ. ಇಬ್ಬರು ಮಕ್ಕಳು ಕಟ್ಟೆಯ ಮೇಲೆ ತಲೆ ತಗ್ಗಿಸಿ ಕೂತಿದ್ದರು.

ನನ್ನನ್ನು ನೋಡಿ ಅವರು ನಗಲು ನೋಡಿದರು. “ಯಾರ್ ಕಳಿಸ್ಯಾರವ್ವ ನಿನಗ? ಶಾಹೀನೇನು?”

“ಅಲ್ರಿ.”

“ನಿಮ್ಮ ದೇವ್ರೇನು?”

“ಹೌದ್ರಿ.”

“ಏನ್ ಹೇಳ್ಯಾನ?”

“ಹೋಗು ಅಂದಾನ್ರಿ. ಹೋಗಿ ಏನ್ ಮಾತಾಡ್ಬೇಕಂತ ಹೇಳಿಲ್ಲ.”

ಅದು ನಿಜವೇ ಆಗಿತ್ತು. ನನ್ನ ಬಳಿ ಹೇಳಲು ಏನೂ ಇರಲಿಲ್ಲ. ಅವರ ಹಾಸಿಗೆಯ ಪಕ್ಕ ನೆಲದ ಮೇಲೆ ಕೂತೆ. ಉಪದೇಶ ಮಾಡಲಿಲ್ಲ, ಪ್ರಾರ್ಥನೆಯನ್ನೂ ಬಾಯಿಬಿಟ್ಟು ಮಾಡಲಿಲ್ಲ. ಆ ಖಾಲಿ ಹಾಸಿಗೆಯ ಪಕ್ಕ ಗುರುವಾರ ಮಲಗಿದ್ದು ನನಗೆ ಕಷ್ಟವಾಯಿತು ಎಂದಷ್ಟೇ ಹೇಳಿದೆ. ಅವರು ನೀಲಮ್ಮನಿಗೆ, ಹೊರಗಿರುವ ಗೌಂಡಿಗೆ ಮಜ್ಜಿಗೆ ಕೊಡು ಎಂದು ಹೊರಗೆ ಕಳಿಸಿದರು. ಆಮೇಲೆ ತಮ್ಮ ಎಡಗೈಯನ್ನು ಬಲಗೈಯಿಂದ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡರು. ಬೆರಳುಗಳು ಕಟ್ಟಿಗೆಯಂತೆ ಸೆಟೆದಿದ್ದವು.

ಕಳೆದ ಮಂಗಳವಾರದ ಮುಂಜಾನೆ ಪೂಜೆಗೆ ಕೂತಾಗ ಆ ಬೆರಳು ಮಡಚಲಿಲ್ಲವಂತೆ. ಅಂಗೈಯಲ್ಲಿದ್ದ ಲಿಂಗ ಜಾರಿ ಮಡಿಲಿಗೆ ಬಿತ್ತು. ಹುಟ್ಟಿದಾಗ ಕಟ್ಟಿದ ಲಿಂಗ, ಇಷ್ಟು ವಯಸ್ಸಿನವರೆಗೆ ಒಂದು ದಿನವೂ ಜಾರಿರಲಿಲ್ಲ. ಹೆಂಡತಿಗೂ ಅವರು ಇದನ್ನು ಹೇಳಿರಲಿಲ್ಲ. ಈಗ ಅದೇ ಎಡಗೈಯಲ್ಲಿ, ಮೊಣಕೈಯ ಮೇಲೆ, ಇನ್ನೊಂದು ನಾಳ ಕತ್ತರಿಸಿ ಜೋಡಿಸಬೇಕು ಎಂದು ಆ ಸೋಮವಾರ ಡಾಕ್ಟರು ಹೇಳಿದ್ದರು.

“ಈ ಕೈಗೆ ಇನ್ನೊಂದ್ ಸಲ ಕತ್ತರಿ ಬಿದ್ರ, ನನ್ನ ದೇವ್ರು ಎಲ್ಲಿ ಕೂಡ್ಬೇಕವ್ವ?” ಎಂದು ಕೇಳಿದರು.

ನಾನು ಹೊಲಿಗೆಯವಳು. ನನ್ನ ಕೈಗೆ ಶಸ್ತ್ರಚಿಕಿತ್ಸೆ ಮಾಡುವ ಮುಂಚೆ ಕಲಬುರಗಿಯ ಡಾಕ್ಟರು, ಕತ್ತರಿ ಯಾವ ಕೈಯಲ್ಲಿ ಹಿಡಿಯುತ್ತೀರಿ ಎಂದು ಕೇಳಿ, ಆ ಕೈ ಬಿಟ್ಟು ಇನ್ನೊಂದಕ್ಕೆ ಮಾಡಿದ್ದರು. ಅದು ನೆನಪಾಯಿತು. ಈ ಮಾತನ್ನು ಡಾಕ್ಟರಿಗೆ ಹೇಳಿದ್ದೀರಾ ಎಂದು ಕೇಳಿದೆ. ದೇವರ ಮಾತು ಅವರಿಗ್ಯಾಕೆ ಹೇಳಲಿ ಎಂದರು.

“ನನಗ ಹೇಳಿದ್ರಲ್ರಿ. ಅವರಿಗೂ ಹೇಳೂಣು. ಬಲಗೈಗಿ ಮಾಡ್ರಿ ಅಂತ ಕೇಳೂಣು.”

“ಕೇಳಿದ್ರ ಮಾಡ್ತಾರೇನು?”

“ಗೊತ್ತಿಲ್ರಿ. ಆದ್ರ ಇವತ್ತೇ ಕೇಳೂಣು. ನಾಳಿತನಕ ನಿಮಗ ಉಸಿರು ಉಳಿಯಂಗಿಲ್ಲ.”

ಹಾಗೆ ಮುಖಕ್ಕೆ ಹೊಡೆದಂತೆ ಹೇಳುವ ಧೈರ್ಯ ಎಲ್ಲಿಂದ ಬಂತೋ. ಅವರು ಕಣ್ಣು ಮುಚ್ಚಿದರು. ತುಟಿ ಅಲ್ಲಾಡುತ್ತಿದ್ದವು. ಅವರು ತಮ್ಮ ದೇವರನ್ನು ಕೇಳುತ್ತಿದ್ದರು, ನಾನು ನನ್ನ ದೇವರನ್ನು. ಕೊನೆಗೆ ಕಣ್ಣು ತೆರೆದು, ದೊಡ್ಡ ಮಗನ ಹೆಸರು ಹಿಡಿದು ಕೂಗಿದರು.

ಆಂಬುಲೆನ್ಸ್ ಬಂತು. ಮಕ್ಕಳು ಬೈಕಿನ ಮೇಲೆ ಹಿಂದೆ ಹೊರಟರು, ಒಳಗೆ ನೀಲಮ್ಮ ಒಬ್ಬಳೇ ಕೂರಲು ಹೆದರಿದ್ದರಿಂದ ನಾನೂ ಹತ್ತಿದೆ. ಕಲಬುರಗಿಯಲ್ಲಿ ಕುತ್ತಿಗೆಗೆ ನಳಿಕೆ ಹಾಕಿ ಅವತ್ತೇ ಡಯಾಲಿಸಿಸ್ ಮಾಡಿದರು. ಕುತ್ತಿಗೆಯಲ್ಲಿದ್ದ ಲಿಂಗದ ದಾರವನ್ನು ತೆಗೆಯಬೇಕಾಗಿ ಬಂದಾಗ ನೀಲಮ್ಮ ತನ್ನ ಸೆರಗಿನ ಅಂಚು ಹರಿದು ಲಿಂಗವನ್ನು ಅವರ ತೋಳಿಗೆ ಕಟ್ಟಿದಳು. ಮೈಯಿಂದ ಅದು ಬೇರೆಯಾಗಲಿಲ್ಲ. ಇನ್ನೂ ಕೆಲವು ತಾಸು ತಡವಾಗಿದ್ದರೆ ನಮ್ಮ ಕೈಯಲ್ಲಿ ಏನೂ ಇರುತ್ತಿರಲಿಲ್ಲ ಎಂದು ಅಲ್ಲಿನ ಡಾಕ್ಟರು ಅವರ ಮಗನಿಗೆ ಹೇಳಿದರು. ನಾನು ಗೋಡೆಗೆ ಆತು ನಿಂತು ಅದನ್ನು ಕೇಳಿಸಿಕೊಂಡೆ. ಸಂತೋಷವಾಗಲಿಲ್ಲ. ಮಂಗಳವಾರ ಹೋದರಾಯಿತು ಎನ್ನುವುದು ಎಷ್ಟು ಸುಲಭವಿತ್ತು ಎಂದೇ ಯೋಚಿಸಿದೆ.

ಆ ರಾತ್ರಿ, ಉಸಿರು ಹಗುರಾದ ಮೇಲೆ, ಬಲಗೈಯ ಮಾತನ್ನು ಸಿದ್ರಾಮಪ್ಪನವರೇ ಆಡಿದರು. ನಾನು ಪಕ್ಕದಲ್ಲಿ ನಿಂತಿದ್ದೆ ಅಷ್ಟೇ. ಡಾಕ್ಟರು ಎರಡೂ ಕೈ ಪರೀಕ್ಷೆ ಮಾಡಿ, ಬಲಗೈಯಲ್ಲಿ ನಾಳ ಚೆನ್ನಾಗಿದೆ, ಆಗುತ್ತದೆ, ಎಡಗೈಗೆ ದಿನಾ ವ್ಯಾಯಾಮ ಮಾಡಿಸಿದರೆ ಬೆರಳೂ ಸಡಿಲಾಗುತ್ತವೆ ಎಂದರು. ಒಂದು ತಿಂಗಳ ಮೇಲೆ ಅವರು ಜೇವರ್ಗಿಯ ತಮ್ಮ ಹಾಸಿಗೆಗೆ ವಾಪಸು ಬಂದರು, ಯಂತ್ರಕ್ಕೆ ಬೈಯುತ್ತ.

ಆ ಬಿಸಿಲಿಗೆ ನಾನೂ ಬೆಲೆ ಕೊಟ್ಟೆ. ಮರುದಿನ ನನ್ನ ಡಯಾಲಿಸಿಸ್ ಮುಗಿಸಿ ಬಂದ ಮೇಲೆ ನಾಲ್ಕಾರು ದಿನ ಎದ್ದು ಕೂಡಲಾಗಲಿಲ್ಲ. ಆಳಂದದಿಂದ ಅವ್ವ ಬಂದು ಬೈದಳು. ನಿಮ್ಮಪ್ಪನ ಹುಚ್ಚು ನಿನಗೂ ಬಂದಿದೆ ಎಂದಳು. ಬೈಯುತ್ತಲೇ ಗಂಜಿ ಕುಡಿಸಿದಳು. ಪ್ರಭಾಕರ ಬೈಯಲಿಲ್ಲ. “ಇನ್ನೊಮ್ಮಿ ಹೋಗು ಅಂದ್ರ ನನಗ ಜಲ್ದಿ ಹೇಳು, ಪೆಟ್ರೋಲ್ ಹಾಕಿಸ್ಕೊಂಡು ಇರ್ತೇನಿ,” ಎಂದ.

ಆ ಮೇಲೆ ಶುಕ್ರವಾರದ ಹೆಂಗಸರ ಜೊತೆ ನಾನು ಮತ್ತೆ ಹೊರಟೆ. ಎಲ್ಲ ಶುಕ್ರವಾರ ಆಗುವುದಿಲ್ಲ. ಆಗದ ದಿನ ಫೋನು ಮಾಡುತ್ತೇನೆ. ಹೊಸದಾಗಿ ಡಯಾಲಿಸಿಸ್‌ಗೆ ಬಂದವರ ಮನೆಗೆ ಹೋಗುವುದನ್ನು ಮಾತ್ರ ತಪ್ಪಿಸುವುದಿಲ್ಲ. ಕರೆ ದೇವರದೋ, ನನ್ನ ಮನಸ್ಸಿನದೋ ಎಂದು ಯಾರಾದರೂ ಕೇಳಿದರೆ ನನಗೆ ಈಗಲೂ ಖಾತ್ರಿಯಾಗಿ ಹೇಳಲು ಬರುವುದಿಲ್ಲ. ನನಗೆ ತಿಳಿದದ್ದು ಇಷ್ಟೇ: ಕೂತಲ್ಲೇ ಕೂತು ಅದನ್ನು ಬಗೆಹರಿಸಲು ಹೋದರೆ ಬಗೆಹರಿಯುವುದಿಲ್ಲ. ಎದ್ದು ಹೋದ ಮೇಲೆ, ಅಲ್ಲಿ ಒಬ್ಬ ಮನುಷ್ಯ ಕಾಯುತ್ತಿರುತ್ತಾನೆ, ಅಥವಾ ಇರುವುದಿಲ್ಲ. ಕೆಲವು ಸಲ ಬೀಗ ಹಾಕಿದ ಮನೆಯಿಂದ ಹೊಳ್ಳಿ ಬಂದದ್ದೂ ಇದೆ. ಅದರಿಂದ ನನಗೇನೂ ಕಡಿಮೆಯಾಗಿಲ್ಲ.

ಸಿದ್ರಾಮಪ್ಪ ಆಮೇಲೆ ಎರಡು ಸುಗ್ಗಿ ನೋಡಿದರು. ಎರಡನೆಯ ಸುಗ್ಗಿಯಲ್ಲಿ, ತೊಗರಿ ರಾಶಿ ಮನೆಗೆ ಬಂದ ವಾರ, ತಮ್ಮ ಮನೆಯಲ್ಲೇ ಹೃದಯ ನಿಂತು ತೀರಿಕೊಂಡರು. ಸುದ್ದಿ ಬಂದಾಗ ನಾನು ಒಂದು ಕುಪ್ಪಸಕ್ಕೆ ತೋಳು ಹಚ್ಚುತ್ತಿದ್ದೆ. ಅಂಗಡಿ ಹಾಗೇ ಬಿಟ್ಟು ಹೊರಟೆವು. ಅವರನ್ನು ವಿಭೂತಿ ಹಚ್ಚಿ ಕೂರಿಸಿದ್ದರು. ಜನರ ನಡುವಿನಿಂದ ನೀಲಮ್ಮ ನನ್ನನ್ನು ಕಂಡು ಬಳಿಗೆ ಕರೆದಳು. ಅವಳ ಕಣ್ಣು ಒಣಗಿದ್ದವು. ನನ್ನ ಕಿವಿಯ ಹತ್ತಿರ ಬಾಗಿ ಹೇಳಿದಳು:

“ಇವತ್ತ ಮುಂಜಾನಿ ಪೂಜಿ ಮುಗಿಸೇ ಹೋಗ್ಯಾರವ್ವ. ನಾ ನೋಡ್ಕೋತ ಕುಂತಿದ್ದೆ. ಲಿಂಗ ಜಾರ್ಲಿಲ್ಲ.”

ಮರುದಿನ ಗುರುವಾರ, ನನ್ನ ಪಾಳಿ. ಆ ಕೋಣೆಯೊಳಗೆ ಕಾಲಿಡಲು ನನಗೆ ಮನಸ್ಸಿರಲಿಲ್ಲ. ಪಕ್ಕದ ಹಾಸಿಗೆಗೆ ಆಗಲೇ ಬೇರೆ ಚಾದರ ಹಾಸಿದ್ದರು. ಅದರ ಮೇಲೆ ಒಬ್ಬ ಹೆಣ್ಣುಮಗಳು ಗೋಡೆಗೆ ಮುಖ ಮಾಡಿ ಮಲಗಿದ್ದಳು. ಹೆಗಲು ಅಲುಗುತ್ತಿತ್ತು. ಶಾಹೀನ್ ನನಗೆ ಸೂಜಿ ಹಾಕಲು ಬಂದಳು. ಒಂದು ನಿಮಿಷ ತಡಿ ಎಂದು ಅವಳಿಗೆ ಹೇಳಿ, ನಾನು ಮಂಚದಿಂದ ಇಳಿದು ಆ ಕಡೆಗೆ ನಡೆದೆ.